72 ಗಂಟೆಯ ರೈತ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹೊಸ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಂಡು, ಮನೆ ಕಟ್ಟಿ, ವಾರಕ್ಕೆರಡು ದಿನ ಬೆಂಗಳೂರಿನ ಕಚೇರಿಗೆ ಹೋಗಿಬಂದು, ಮಿಕ್ಕ ದಿನಗಳಲ್ಲಿ ಭೂಮಿಯನ್ನು ಉಳಿಸುವ ವರ್ಗವೊಂದು ಈಚೆಗೆ ತಲೆಯೆತ್ತಿದ್ದು, ಈ ವರ್ಗಕ್ಕೆ ಸೇರಿದವನನ್ನು ಅಧ್ಯಯನದ ಅನುಕೂಲಕ್ಕಾಗಿ 72 ಗಂಟೆಯ ರೈತನೆಂದು ಕರೆಯಬಹುದು. ಪರ್ಮಾಕಲ್ಚರ್ ವಿನ್ಯಾಸದ ಪ್ರಮಾಣಪತ್ರಕ್ಕೆ ಜಗತ್ತಿನ ಬಹುಪಾಲು ಕಡೆ ನಿಗದಿಯಾಗಿರುವುದು ಅಷ್ಟೇ ಗಂಟೆಗಳ ಪಾಠ. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದ ಈ ಪದ್ಧತಿಯ ಸಾರವೆಂದರೆ, ಮನೆ, ನೀರು, ಗಿಡ, ಪ್ರಾಣಿಗಳನ್ನು ಒಂದರ ಕಸ ಇನ್ನೊಂದಕ್ಕೆ ಊಟವಾಗುವಂತೆ ಹೊಂದಿಸುವುದು. ಸಾರವೇನೋ ಸರಳ, ಕಲಿತು ಬಂದವನು ಸರಳನಲ್ಲ.

ಆತ ಮಾಡುವ ಮೊದಲ ಕೆಲಸ ಮನೆಯನ್ನು ವಲಯಗಳಾಗಿ ವಿಂಗಡಿಸುವುದು. ವಲಯವೆಂದರೆ ಮನುಷ್ಯನ ಓಡಾಟ ಎಲ್ಲಿ ಎಷ್ಟು ಎಂಬುದನ್ನು ನೋಡಿ ಜಾಗಕ್ಕೆ ಸೊನ್ನೆಯಿಂದ ಐದರವರೆಗೆ ಸಂಖ್ಯೆ ಕೊಡುವ ಕ್ರಮ; ಸೊನ್ನೆ ಮನೆ, ಒಂದು ಎಂದರೆ ದಿನವೂ ಕೈಯಾಡಿಸುವ ಸೊಪ್ಪಿನ ಮಡಿ, ಐದು ಯಾರೂ ಮುಟ್ಟಬಾರದ ಕಾಡು. 1,200 ಚದರಡಿಯಲ್ಲಿ ಕಾಡಿಗೆ ಜಾಗವೆಲ್ಲಿ ಎಂದು ಕೇಳುವವರಿಗೆ, ಸ್ಕೂಟರ್ ನಿಲ್ಲಿಸುವ ಜಾಗದ ಹಿಂದಿನ ಮೂರಡಿಯನ್ನು ತೋರಿಸಲಾಗುತ್ತದೆ. ಅಲ್ಲಿ ಸೊಂಪಾಗಿ ಬೆಳೆದ ಪಾರ್ಥೇನಿಯಂ ಕೀಳಲು ಹೋದ ತಾಯಿಯನ್ನು ಆತ "ಅಮ್ಮ, ಅದು ಐದನೇ ವಲಯ" ಎಂದು ತಡೆಯುತ್ತಾನೆ.

ಚಿಂತಾಮಣಿಯ ಟೊಮೆಟೊ ತೋಟದಲ್ಲಿ ನಿಂತು ಆತ ಮಲ್ಚಿಂಗ್, ಅಂದರೆ ತೇವ ಆರದಂತೆ ನೆಲಕ್ಕೆ ಹೊದಿಕೆ ಹಾಕುವ ವಿಧಾನ, ಇಲ್ಲಿ ಉಂಟೇ ಎಂದು ವಿಚಾರಿಸುತ್ತಾನೆ. ಒಣ ಎಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ ಪ್ರಶ್ನೆಗೆ, "ಹಾಕಿದೀವಲ್ಲ ಸಾರ್, ಮೂವತ್ತು ಮೈಕ್ರಾನ್ ಪೇಪರ್ರು" ಎಂದು ರೈತ ಪ್ಲಾಸ್ಟಿಕ್ ಹಾಳೆಯನ್ನು ತೋರಿಸುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಮರುಕಪಟ್ಟು ಬೀಳ್ಕೊಳ್ಳುತ್ತಾರೆ.

ಶಿಡ್ಲಘಟ್ಟದ ಭೇಟಿಯನ್ನು ಮಾತ್ರ ತುಸು ವಿವರವಾಗಿ ದಾಖಲಿಸುವುದು ಅಗತ್ಯ. ರೇಷ್ಮೆಹುಳುವಿನ ಹಿಕ್ಕೆಯೂ ಅದು ತಿಂದುಳಿಸಿದ ಹಿಪ್ಪುನೇರಳೆ ಕಡ್ಡಿಯೂ ಒಳ್ಳೆಯ ಗೊಬ್ಬರವೆಂಬ ಸರಿಯಾದ ಮಾಹಿತಿಯೊಂದಿಗೆ ಆತ ಎರಡು ಖಾಲಿ ಚೀಲ ಹಿಡಿದು ಹುಳುಮನೆಯ ಬಾಗಿಲಿಗೆ ಹೋಗುತ್ತಾನೆ. ಆದರೆ ಅದೇ ಬೆಳಿಗ್ಗೆ ತಾರಸಿಯ ಬದನೆಗೆ ಹೊಗೆಸೊಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಗಂಜಲದಲ್ಲಿ ಕುದಿಸಿ ತಯಾರಿಸಿದ 'ವಿಷಮುಕ್ತ' ಕಷಾಯವನ್ನು ಸಿಂಪಡಿಸಿ, ಅಂಗಿ ಬದಲಿಸದೆ ಬಂದಿರುತ್ತಾನೆ. ರೇಷ್ಮೆಹುಳುವಿಗೆ ಹೊಗೆಸೊಪ್ಪಿಗಿಂತ ದೊಡ್ಡ ಶತ್ರುಗಳು ಕಡಿಮೆ. ಪ್ರಕೃತಿದತ್ತವಾದದ್ದೆಲ್ಲ ನಿರಪಾಯಕಾರಿ ಎಂಬ ಪಾಠ ಹುಳುವಿಗೆ ಆಗಿರುವುದಿಲ್ಲ. ಮನೆಯೊಡತಿ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದು, "ಆ ವಾಸ್ನೆ ಇಟ್ಕೊಂಡು ಒಳಕ್ಕೆ ಬರಬ್ಯಾಡಿ ಸಾರ್, ನಾಳಿದ್ದು ಹಣ್ಣಾಗೋ ಹುಳ" ಎನ್ನುತ್ತಾಳೆ. ಹಣ್ಣಾಗುವುದೆಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದು. ಇಡೀ ಬೆಳೆಯ ಲಾಭನಷ್ಟ ತೀರ್ಮಾನವಾಗುವ ಘಳಿಗೆ. ಹಿಕ್ಕೆಯ ಚೀಲ ಬೀದಿಗೇ ಬರುತ್ತದೆ, ಆತ ಒಳಗೆ ಹೋಗುವುದಿಲ್ಲ.

ಗೌರಿಬಿದನೂರಿನ ಕಡೆ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳನ್ನು ಸಾಲಾಗಿ ಬಿತ್ತುವ ಅಕ್ಕಡಿಯನ್ನು ಕಂಡಾಗ ಆತ ಅದಕ್ಕೆ, ಒಂದಕ್ಕೊಂದು ನೆರವಾಗುವ ಗಿಡಗಳ ಗುಂಪೆಂಬ ಅರ್ಥದಲ್ಲಿ, 'ಗಿಲ್ಡ್' ಎಂದು ನಾಮಕರಣ ಮಾಡಿ ಫೋಟೋ ತೆಗೆದುಕೊಳ್ಳುತ್ತಾನೆ. ಇದೆಲ್ಲ ಅಜ್ಜಿಗೇ ಗೊತ್ತಿತ್ತು ಎಂದು ಊರವರು ನಗುವುದುಂಟು. ಆದರೆ ಅಜ್ಜಿಯ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿದವರು ಈ ನಗುವವರೇ ಹೊರತು 72 ಗಂಟೆಯ ರೈತನಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ನೀರಿನ ವಿಷಯಕ್ಕೆ ಬಂದರೆ ಆತನ ಹೆಮ್ಮೆಗೆ ಮಿತಿಯಿಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೇ ಮೊದಲಾದ ಕೆರೆಗಳಿಗೆ ಹರಿಸಲಾಗುತ್ತಿದ್ದು, ಮಹಾನಗರವೊಂದು ಮಿಂದ ನೀರನ್ನು ಇಡೀ ಸೀಮೆಯೇ ಸದ್ದಿಲ್ಲದೆ ಇಂಗಿಸಿಕೊಳ್ಳುತ್ತಿರುವಾಗ, ಈತ ತನ್ನೊಬ್ಬನ ಬಚ್ಚಲ ನೀರನ್ನು ಮೂರು ಬಾಳೆಗಿಡಗಳಿಗೆ ತಿರುಗಿಸಿದ್ದನ್ನು ಬಂದವರಿಗೆಲ್ಲ ನಕ್ಷೆ ಸಹಿತ ವಿವರಿಸುತ್ತಾನೆ. ಕೇಳುಗರು ಆಕಳಿಸಿದರೂ ಆತನ ಲೆಕ್ಕ ತಪ್ಪಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವಲ್ಲಿ, ಸುಮಾರು 111 ಚದರ ಮೀಟರ್ ನಿವೇಶನದ ಮೇಲೆ ಬೀಳುವ ನೀರು 77,000 ಲೀಟರಿಗೂ ಹೆಚ್ಚು. ಐದನೆಯ ಒಂದು ಭಾಗ ಸೋರಿ ಆರಿ ಹೋದರೂ 60,000 ಲೀಟರಿಗೆ ಮೋಸವಿಲ್ಲ. ಸಾವಿರ ಅಡಿ ದಾಟಿದರೂ ಕೊಳವೆಬಾವಿಯಲ್ಲಿ ಧೂಳೇ ಏಳುವ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ ಇದು ನಗುವ ಮಾತಲ್ಲ. ಆದ್ದರಿಂದ ಅಂಥವನೊಬ್ಬ ನೆರೆಯಲ್ಲಿದ್ದರೆ ಓದುಗರು ಒಂದು ಸಂಜೆ ಹೋಗಿ, ತಾರಸಿಯ ಪೈಪು, ಸೋಸುವ ತೊಟ್ಟಿ, ಸಂಪುಗಳನ್ನು ಗಮನವಿಟ್ಟು ನೋಡಿ, ವಲಯಗಳ ಮಾತು ಶುರುವಾಗುವ ಮುನ್ನ ಎದ್ದು ಬರುವುದು ಒಳ್ಳೆಯದು.