ಗಂಟುಯಂತ್ರಾವತರಣ ಮೀಮಾಂಸೆ

ಪೀಠಿಕೆ

ಸಿದ್ಧಗಂಟಿನ ರೂಪದಲ್ಲಿ ಲಭ್ಯವಾಗುವ ಮಿಥ್ಯಾಯಂತ್ರವು ಮನೆಯ ಸತ್ಯಯಂತ್ರದೊಳಗೆ ಅವತರಿಸುವ ಸಂಕೀರ್ಣ ಪ್ರಕ್ರಿಯೆಯನ್ನು, ಕೊಡ್ಲಿ ಊರಿನ ಪಡಸಾಲೆಯೊಂದರ ನೆಲೆಯಿಂದ, ಬಹುಮುಖಿ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸಲು ಪ್ರಸ್ತುತ ಪ್ರಬಂಧವು ಹವಣಿಸುತ್ತದೆ. ಅಂದರೆ, ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಓವಿಎ ಎಂಬ ವರ್ಚುವಲ್ ಮಶೀನಿನ ಫೈಲು ಓಡಲಿಲ್ಲ.

ಪದನಿಷ್ಪತ್ತಿ

‘ಗಂಟುಯಂತ್ರ’ ಎಂಬುದು ಅರಿಸಮಾಸ. ಗಂಟು ಕನ್ನಡದ್ದು, ಯಂತ್ರ ಸಂಸ್ಕೃತದ್ದು. ಇಂಥ ಕೂಡಿಕೆ ದೋಷವೆಂದು ಒಂಬತ್ತನೆಯ ಶತಮಾನದಲ್ಲೇ ‘ಕವಿರಾಜಮಾರ್ಗ’ ಹೇಳಿತು. ಅದೂ ಎಲ್ಲೋ ದೂರದಲ್ಲಲ್ಲ, ನಮ್ಮ ಸೇಡಂ ಸೀಮೆಯ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ. ಕಾಗಿಣೆ ಹೊಳೆಯ ನೀರು ಕುಡಿದು, ಆ ಗ್ರಂಥ ಬರೆದ ಶ್ರೀವಿಜಯನ ಮಾತು ಮೀರಬಾರದು, ನಿಜ. ಆದರೆ ಸೆಮಿನಾರಿನಲ್ಲಿ ಶಾಲು ಹೊದಿಸುವುದು ದೋಷಕ್ಕೇ.

ಅಂಗರಚನೆ

ಗಂಟು ಬಿಚ್ಚಿದರೆ ಮೂರು ವಸ್ತು. ಒಂದು, ಒಳಗೇನಿದೆ, ಎಷ್ಟು ಮೆಮೊರಿ ಬೇಕು ಎಂದು ಹೇಳುವ ಓವಿಎಫ್ ಚೀಟಿ. ಎರಡು, ಇಡೀ ಹಾರ್ಡ್‌ಡಿಸ್ಕನ್ನು ಹಿಂಡಿ ಕಟ್ಟಿದ ವಿಎಂಡಿಕೆ. ಮೂರು, ದಾರಿಯಲ್ಲಿ ಒಂದು ಬಿಟ್ ಹೆಚ್ಚುಕಡಿಮೆಯಾದರೂ ಹಿಡಿದುಕೊಡುವ ಮ್ಯಾನಿಫೆಸ್ಟ್. ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿ ಮೇಲೊಂದು ಲೆಕ್ಕದ ಚೀಟಿ ಇಟ್ಟಂತೆ. ಈ ಓವಿಎ ಗಂಟನ್ನು ಬಿಚ್ಚುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ 2007ರಲ್ಲಿ ಜರ್ಮನಿಯ ಇನ್ನೊಟೆಕ್‌ನಿಂದ ಬಂತು. 2008ರಲ್ಲಿ ಸನ್‌ಗೆ, 2010ರಲ್ಲಿ ಒರಾಕಲ್‌ಗೆ ಸೇರಿತು. ಮೂವರು ಧಣಿಗಳನ್ನು ಕಂಡ ಇದರ ಬಾಳನ್ನು ‘ಆಶ್ರಯಾಂತರ ಕಥನ’ವೆಂದು ಕರೆಯತಕ್ಕದ್ದು.

ಅವತರಣದ ಪಂಚದಶೆಗಳು

*ವಹನದಶೆ:* ಗಂಟು ಐದು ಜಿಬಿ, ಪೆನ್‌ಡ್ರೈವ್ ಮೂವತ್ತೆರಡು ಜಿಬಿ. ಆದರೂ ಹಿಡಿಸದು. ಫ್ಯಾಟ್-32 ಪದ್ಧತಿಯಲ್ಲಿ ಒಂದೇ ಫೈಲು ನಾಲ್ಕು ಜಿಬಿ ಮುಟ್ಟುವಂತಿಲ್ಲ. ತಾತ್ವಿಕವಾಗಿ ಇದು ‘ರಿಕ್ತಸ್ಥಾನದ ನಿರಾಕರಣೆ’. ವ್ಯಾವಹಾರಿಕವಾಗಿ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡು.

*ಶ್ರದ್ಧಾದಶೆ:* ಫೈಲ್, ಇಂಪೋರ್ಟ್ ಅಪ್ಲಯನ್ಸ್, ನೆಕ್ಸ್ಟ್, ಫಿನಿಶ್. ಓದದೆ ಒತ್ತುವುದೇ ಇಲ್ಲಿನ ಭಕ್ತಿ.

*ಆತಿಥ್ಯದಶೆ:* ಲ್ಯಾಪ್‌ಟಾಪು ಹೋಸ್ಟ್, ಗಂಟಿನೊಳಗಿನದು ಗೆಸ್ಟ್. ನಾಲ್ಕು ಜಿಬಿ ಮೆಮೊರಿಯ ಬಡ ಮನೆಗೆ ಎಂಟು ಜಿಬಿ ಉಣ್ಣುವ ಬೀಗರು ಬಂದರು. ಸ್ಟಾರ್ಟ್ ಒತ್ತಿದರೆ 0x80004005 ಎಂಬ ಮಂತ್ರ, ಕೆಳಗೆ ‘ವಿಟಿ-ಎಕ್ಸ್ ಬಯಾಸ್‌ನಲ್ಲಿ ಬಂದ್ ಆಗಿದೆ’ ಎಂಬ ಭಾಷ್ಯ.

ನಾಲ್ಕನೆಯದಕ್ಕೂ ಹೆಸರು ಹುಡುಕಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಐದನೆಯದು ಮೊದಲಿಂದಲೂ ಇರಲಿಲ್ಲ; ಮೂರೇ ದಶೆ ಅಂದರೆ ಯಾರು ಪ್ರಬಂಧ ಅಂತಾರೆ?

ಪೂರ್ವಸೂರಿಗಳ ಅವಲೋಕನ

ಕತ್ತಲಲ್ಲಿ ಮೊಬೈಲು ಬೆಳಕು ಹಿಡಿದು ಹುಡುಗನ ಲ್ಯಾಬ್ ಮ್ಯಾನುವಲ್ ಓದಿದೆ. ಹೈಪರ್‌ವೈಸರ್ ಎಂದರೇನು, ಅದರಲ್ಲಿ ಎರಡು ಬಗೆ, ಪ್ರಯೋಜನಗಳು ಹತ್ತು. ಬಯಾಸ್‌ನಲ್ಲಿ ಒಂದು ಸ್ವಿಚ್ ಹಾಕಬೇಕೆಂಬ ಒಂದು ಸಾಲು ಇಲ್ಲ. ಬರೆದವನು ಒಮ್ಮೆಯಾದರೂ ಮಾಡಿ ನೋಡಿದ್ದರೆ ಆ ಸಾಲು ಬೀಳುತ್ತಿತ್ತು. ಪಕ್ಕದಲ್ಲಿ ಹುಡುಗನ ರೆಕಾರ್ಡು. ಕೊನೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದದ್ದು: ‘ಫಲಿತಾಂಶ: ಯಂತ್ರವನ್ನು ಯಶಸ್ವಿಯಾಗಿ ಆಮದು ಮಾಡಲಾಯಿತು.’ ಕೆಳಗೆ ಸಹಿ, ತಾರೀಖು.

“ಇದು ಯಾವಾಗ ಆಯ್ತೋ?”

“ಆಗಿಲ್ಲ ಮಾಮಾ. ಎಲ್ಲಾರೂ ಹಿಂಗೇ ಬರಿಲತ್ತಾರ. ಖರೇ ಬರದ್ರ ಮಾರ್ಕ್ಸ್ ಬೀಳಂಗಿಲ್ಲ.”

ಇಲ್ಲಿಗೆ ನನ್ನ ಅನುಸಂಧಾನ ಮುರಿಯಿತು. ಪರಿಪ್ರೇಕ್ಷ್ಯ ಸುಡಲಿ. ಮೂರು ವರ್ಷ ಫೀಸು ಕಟ್ಟಿಸಿಕೊಂಡು, ಓಡದ ಯಂತ್ರ ಓಡಿತೆಂದು ಬರೆಯುವುದನ್ನಷ್ಟೇ ಕಲಿಸಿದ್ದೀರಲ್ಲ! ಚಿತ್ತಾಪುರದ ಬಳಿ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ಹಳೆಯ ವಿದ್ಯಾಕೇಂದ್ರವಿತ್ತು ಎಂದು ಭಾಷಣಗಳಲ್ಲಿ ಎದೆ ಉಬ್ಬಿಸುತ್ತೇವೆ. ಅಷ್ಟು ಹಿಂದೆ ಹೋಗುವುದೂ ಬೇಡ. ಶಹಾಬಾದಿನ ಗಣಿಯಲ್ಲಿ ಪರಸಿ ಎಬ್ಬಿಸುವವನನ್ನು ನೋಡಿ. ಕಲ್ಲಿನ ಪದರ ಎಲ್ಲಿ ಬಿಡುತ್ತದೆ ಎಂದು ಅವನ ಕೈಗೆ ಗೊತ್ತು. ತಪ್ಪು ಜಾಗಕ್ಕೆ ಹೊಡೆದರೆ ಹಾಸು ಒಡೆಯುತ್ತದೆ. ಒಡೆದ ಹಾಸಿನ ಮೇಲೆ ‘ಯಶಸ್ವಿ’ ಎಂದು ಬರೆದರೆ ಯಾರೂ ಕೊಳ್ಳುವುದಿಲ್ಲ. ಅವನು ಮಗನನ್ನು ಕಂಪ್ಯೂಟರ್ ಓದಲು ಕಳಿಸಿದರೆ ನಾವು ಆ ಮಗನ ಕೈಗೆ ಕೊಟ್ಟದ್ದು ಬಿಚ್ಚದ ಗಂಟು, ಅದರ ಮೇಲೊಂದು ಸುಳ್ಳು.

ಉಪಸಂಹಾರ

ರಾತ್ರಿ ಕರೆಂಟ್ ಬಂತು. ಎಫ್-2 ಒತ್ತಿ ಬಯಾಸ್ ಹೊಕ್ಕೆವು, ವಿಟಿ-ಎಕ್ಸ್ ಹಾಕಿದೆವು, ಗೆಸ್ಟ್‌ನ ಊಟವನ್ನು ಎರಡು ಜಿಬಿಗೆ ಇಳಿಸಿದೆವು. ಚಹಾ ಕುಡಿದು ಮುಗಿಸುವ ಹೊತ್ತಿಗೆ ಪರದೆ ಬೆಳಗಿತು. ಹುಡುಗ ಎದ್ದು ನಿಂತುಬಿಟ್ಟ. ರೆಕಾರ್ಡಿಗೆ ಸಹಿ ಬಿದ್ದ ದಿನ ಹೀಗೆ ನಿಂತಿರಲಿಲ್ಲವಂತೆ.

ಪರದೆ ಪಾಸ್‌ವರ್ಡ್ ಕೇಳಿತು. ಮ್ಯಾನುವಲ್‌ನಲ್ಲಿ ಅದೂ ಇರಲಿಲ್ಲ.