ಆಕಾಶಕ್ಕೆ ಪೋಡಿ ಮಾಡಿದ ದೊರೆಗಳಿಗೆ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಹನೀಯರಿಗೆ, ಚನ್ನರಾಯಪಟ್ಟಣ ತಾಲೂಕು ದಂಡಿಗನಹಳ್ಳಿ ಹೋಬಳಿಯ ರೈತನೊಬ್ಬನ ನಮಸ್ಕಾರ.

ಮೊದಲು ಅಭಿನಂದನೆ. ಡ್ರೋನ್ ನಿಯಮ ಬಂದದ್ದು 2021ರ ಆಗಸ್ಟ್ 25ಕ್ಕೆ. ದೇಶದ ಆಕಾಶಕ್ಕೆಲ್ಲ ಹಸಿರು, ಹಳದಿ, ಕೆಂಪು ಬಳಿದು ನಕ್ಷೆ ಬಿಟ್ಟದ್ದು ಸೆಪ್ಟೆಂಬರ್ 24ಕ್ಕೆ. ಒಂದೇ ತಿಂಗಳು! ನಮ್ಮ ತಾತನ ಸರ್ವೆ ನಂಬರಿಗೆ ಇನ್ನೂ ಪೋಡಿ ಆಗಿಲ್ಲ. ಪಹಣಿಯಲ್ಲಿ ದಾಯಾದಿಗಳೆಲ್ಲ ಒಟ್ಟಿಗೇ ಕೂತಿದ್ದೇವೆ. ನೆಲಕ್ಕೆ ಹದ್ದುಬಸ್ತು ಇಲ್ಲದವನ ನೆತ್ತಿಯ ಮೇಲೆ ನೀವು ಅಡಿ ಲೆಕ್ಕದಲ್ಲಿ ಬಾಂದುಕಲ್ಲು ನೆಟ್ಟಿದ್ದೀರಿ. ಹಸಿರು ವಲಯದಲ್ಲಿ 400 ಅಡಿವರೆಗೆ ಪೂರ್ವಾನುಮತಿ ಬೇಡ. ಅದರಾಚೆ ಹಳದಿ, ವಿಮಾನ ಸಂಚಾರ ನಿಯಂತ್ರಣದವರ ಅಪ್ಪಣೆ ಬೇಕು. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದಲ್ಲಾದರೆ 200 ಅಡಿಗೇ ಹಸಿರು ಮುಗಿಯಿತು. ಹಾಸನದ ಬಳಿಯ ಬೂವನಹಳ್ಳಿ ನಿಲ್ದಾಣದಲ್ಲಿ ವಿಮಾನ ಇಳಿಯತೊಡಗಿದ ದಿನ ಸುತ್ತಲ ಊರುಗಳ ಆಕಾಶಕ್ಕೂ ಖಾತೆ ಬದಲಾವಣೆ ಆಗುತ್ತದೆ. ಆ ನಿಲ್ದಾಣದ ಮಾತು ಕೇಳುತ್ತಲೇ ನಮ್ಮ ತಲೆ ನರೆತಿರುವುದರಿಂದ ಸದ್ಯಕ್ಕೆ ಗಾಬರಿಯಿಲ್ಲ.

ಆದರೆ ಸ್ವಾಮಿ, ಪಾಲು ಮಾಡುವುದು ಸುಲಭ, ಒಂದೇ ದಾರಿಯಲ್ಲಿ ಇಬ್ಬರೂ ಓಡಾಡುವುದು ಕಷ್ಟ. ವಿಮಾನಕ್ಕೆ ಡ್ರೋನ್ ದಾರಿ ಬಿಡಬೇಕು ಎನ್ನುತ್ತೀರಿ. ಬಿಡಬೇಕಾದರೆ ಮೊದಲು ಕಾಣಬೇಕಲ್ಲ? ಹಾರಿಸುವವನ ಕಣ್ಣು ನೆಲದಲ್ಲಿ, ರಿಮೋಟಿನ ಪರದೆಯ ಮೇಲೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಕಾಡ್ಗಿಚ್ಚಿಗೆ ನೀರು ಸುರಿಯುತ್ತಿದ್ದ ಕೆನಡಾದ ವಿಮಾನದ ರೆಕ್ಕೆಗೆ ಸಣ್ಣ ಡ್ರೋನೊಂದು ತೂತು ಹೊಡೆಯಿತು. ಬೆಂಕಿ ಉರಿಯುತ್ತಿದ್ದಾಗಲೇ ವಿಮಾನ ರಿಪೇರಿಗೆ ಕೂತಿತು. ನಮ್ಮಲ್ಲಿ 250 ಗ್ರಾಂವರೆಗಿನದಕ್ಕೆ ಪೈಲಟ್ ಪ್ರಮಾಣಪತ್ರವೂ ಬೇಡ. ಮದುವೆಯ ವಿಡಿಯೋ ಹುಡುಗರು ಸರಿಯಾಗಿ ಧಾರೆ ಹೊತ್ತಿಗೆ ಡ್ರೋನನ್ನು ಪುರೋಹಿತರ ನೆತ್ತಿಗೇ ತಂದು ನಿಲ್ಲಿಸುತ್ತಾರೆ. ಅಕ್ಷತೆ ವಧೂವರರನ್ನು ಬಿಟ್ಟು ಬೀಗರ ಕಣ್ಣಿಗೆ ಬೀಳುತ್ತದೆ, ಮಂತ್ರ ಅರ್ಧಕ್ಕೆ ನಿಲ್ಲುತ್ತದೆ.

ದೊಡ್ಡವುಗಳದು ಬೇರೆ ಕಥೆ. ಡಿಆರ್‌ಡಿಒದ ಮಾನವರಹಿತ ವಿಮಾನ ರುಸ್ತುಂ-2, 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟಿನಲ್ಲಿ ಅವರದೇ ತಪಸ್, ಹಿರಿಯೂರು ತಾಲೂಕಿನ ವದ್ದಿಕೆರೆ ಬಳಿ. ಪ್ರಯೋಗ ಎಂದ ಮೇಲೆ ಬೀಳುತ್ತವೆ, ತಕರಾರಿಲ್ಲ. ಎರಡು ಸಲವೂ ಪ್ರಾಣಹಾನಿ ಆಗಲಿಲ್ಲ, ದೇವರು ದೊಡ್ಡವನು. ವಿಮಾನದೊಳಗೆ ಮನುಷ್ಯರಿಲ್ಲ, ಸರಿ, ಹೊಲದೊಳಗೆ ಇರುತ್ತಾರೆ.

ಡ್ರೋನ್ ಸಂಚಾರ ನಿರ್ವಹಣೆಗೆ 2021ರ ಅಕ್ಟೋಬರಿನಲ್ಲೇ ನೀತಿ ಚೌಕಟ್ಟು ಹೊರಟಿದೆ. ಯಾವ ಡ್ರೋನ್ ಎಲ್ಲಿದೆ ಎಂಬುದು ತಂತ್ರಾಂಶಕ್ಕೆ ಆಗಿಂದಾಗ್ಗೆ ಗೊತ್ತಾಗಬೇಕಂತೆ. ಬಹಳ ಸಂತೋಷ. ಅದೇ ಮಾತನ್ನು ನಮ್ಮ ಪಂಚಾಯ್ತಿಗೂ ತಿಳಿಸುವ ಏರ್ಪಾಡು ಮಾಡಿ. ತಿಪ್ಪೆಗೆ ನೋಟಿಸು ಕೊಡುವವರಿಗೆ ತಲೆಯ ಮೇಲೆ ಬರುವುದರ ಸುದ್ದಿಯೂ ಇರಲಿ. ಇಲ್ಲವಾದರೆ ಬಿದ್ದ ಮೇಲೆ ಮಹಜರಿಗೆ ಸಾಕ್ಷಿ ಹಾಕಲು ಮಾತ್ರ ನಾವು ಬೇಕಾಗುತ್ತೇವೆ.

ಇಂತಿ,
ಹಸಿರು ವಲಯದ ಕೆಳಗಿನ ವಾಸಿ

ವಿ.ಸೂ: ಉತ್ತರವನ್ನು ದಯವಿಟ್ಟು ಡ್ರೋನಿನಲ್ಲಿ ಕಳಿಸಬೇಡಿ. ಹೊಲದ ಮೇಲೆ ಕರೆಂಟ್ ತಂತಿ ಕೈಗೆಟಕುವಷ್ಟು ಜೋತುಬಿದ್ದಿದೆ. ನಿಮ್ಮ ನಕ್ಷೆಯಲ್ಲಿ ಅದು ಅಪ್ಪಟ ಹಸಿರು.