ಬಂಪರ್ ಪುರಾಣ

ಪ್ಯಾರಿಸ್‌ನಲ್ಲಿ ಬಂಪರ್ ಇರುವುದೇ ಹಿಂದು ಮುಂದಿನ ಕಾರುಗಳನ್ನು ಮೆಲ್ಲಗೆ ನೂಕಿ ಪಾರ್ಕಿಂಗಿಗೆ ಜಾಗ ಮಾಡಿಕೊಳ್ಳಲು. 1972ರ ರೆನೋ 5ಕ್ಕೆ ಪ್ಲಾಸ್ಟಿಕ್ ಬಂಪರ್ ತೊಡಿಸಿದ್ದೂ ಅದಕ್ಕೇ ಇರಬೇಕು; ಎಷ್ಟು ತರಚಿದರೂ ಯಜಮಾನರ ಮುಖ ಕೆಡದು. ಅದೇ ಪುಟಾಣಿ ‘ಲೆ ಕಾರ್’ ಎಂಬ ಹೆಸರಲ್ಲಿ ಅಮೆರಿಕಕ್ಕೆ ಹೋದಾಗ, ಗಂಟೆಗೆ 5 ಮೈಲಿಯ ಗುದ್ದು ತಾಳಬೇಕೆಂಬ ಅಲ್ಲಿನ ಕಾನೂನಿಗೆ ತಲೆಬಾಗಿ ದಪ್ಪ ಬಂಪರ್ ಹೊತ್ತಿತು, ತಾತನ ಕೋಟು ತೊಟ್ಟ ಮೊಮ್ಮಗನ ಹಾಗೆ. ಅದೇ ಕಾನೂನಿನ ದೆಸೆಯಿಂದ ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿಗಂತೂ 1974ರಲ್ಲಿ ಫಳಫಳ ಕ್ರೋಮ್ ಹೋಗಿ ಕರಿ ರಬ್ಬರ್ ಮೂತಿಯೇ ಬಂತು. ಅಭಿಮಾನಿಗಳು ಇವತ್ತಿಗೂ ಅದನ್ನು ಕಂಡರೆ ತಮ್ಮ ಮೂತಿ ತಿರುವುತ್ತಾರೆ.

ನಮ್ಮಲ್ಲಿ ಗುದ್ದಿನದಲ್ಲ, ತೆರಿಗೆಯ ಚಿಂತೆ. ಕಾರು 4 ಮೀಟರಿನೊಳಗಿದ್ದರೆ ತೆರಿಗೆ ಕಡಿಮೆ (ಎಂಜಿನ್ನೂ ಚಿಕ್ಕದಿರಬೇಕು, ಅದಿರಲಿ). 2012ರ ಸ್ವಿಫ್ಟ್ ಡಿಜೈರ್ ಬಾಲ ಕತ್ತರಿಸಿಕೊಂಡು 3,995 ಮಿಲಿಮೀಟರಿಗೆ ಬಂದು ನಿಂತಿತು. ಕಂಪನಿಯವರು ಹೀಗೆ ಕಷ್ಟಪಟ್ಟು ಉಳಿಸಿದ್ದನ್ನು ನಾವು ಮುಂದೊಂದು ಹಿಂದೊಂದು ಸ್ಟೀಲ್ ಗಾರ್ಡ್ ಬಿಗಿಸಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಮತ್ತೆ ಬೆಳೆಸಿದೆವು. 2017ರಲ್ಲಿ ಕೇಂದ್ರ ಸರ್ಕಾರ ಇಂಥ ಗಾರ್ಡ್, ಅಂದರೆ ಬುಲ್ ಬಾರ್, ಕೂಡದು ಎಂದಿತು. ಅಂಗಡಿಯವನೇನೂ ಅಳುಕಲಿಲ್ಲ: “ಇದು ಬುಲ್ ಬಾರ್ ಅಲ್ಲ ಸಾರ್, ಬರೀ ಶೋಗೆ. ಹಾಕ್ಲಾ?”